ಎರಡು ಅಂಕಿಗಳ ನಡುವಿನ ಸಂಬಳ

ಉದ್ಯೋಗದ ಜಾಹೀರಾತನ್ನು ಓದುವ ನಮ್ಮ ಅಭ್ಯಾಸ ರೂಪುಗೊಂಡಿದ್ದು ಬಹುಮಟ್ಟಿಗೆ ಸರ್ಕಾರಿ ಅಧಿಸೂಚನೆಗಳಿಂದ. ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಹಲವು ವರ್ಷ ಅಚ್ಚಾಗುತ್ತಿದ್ದ ವೇತನ ಶ್ರೇಣಿ 21,400–42,000 ರೂಪಾಯಿ. ಅಂಕಿ ಎರಡಿದ್ದರೂ ಅದರಲ್ಲಿ ಗೊಂದಲವಿಲ್ಲ. ಹೊಸದಾಗಿ ಸೇರುವವರು ಕೆಳಗಿನ ಅಂಕಿಯಿಂದ ಆರಂಭಿಸಿ ವರ್ಷಕ್ಕೊಂದು ವೇತನ ಬಡ್ತಿಯಂತೆ ಮೇಲೇರುತ್ತಾರೆ. ತುದಿ ಮುಟ್ಟುವುದಕ್ಕೆ ಸೇವೆಯ ಬಹುಭಾಗವೇ ಬೇಕು. ಗೌರಿಬಿದನೂರಿನ ಕಾರ್ಖಾನೆಯೊಂದರ ಬಾಗಿಲಲ್ಲೋ ದೇವನಹಳ್ಳಿ ಕಡೆಯ ಕಂಪನಿಯ ಕರಪತ್ರದಲ್ಲೋ 'ಸಂಬಳ 15,000ದಿಂದ 25,000' ಎಂದು ಕಂಡಾಗಲೂ ನಾವು ಅದೇ ಕಣ್ಣಿನಿಂದ ಓದಿ, ಕೆಳಗಿನ ಅಂಕಿಯೇ ನ್ಯಾಯವಾಗಿ ನಮ್ಮದು ಎಂದುಕೊಳ್ಳುತ್ತೇವೆ. ಆದರೆ ಖಾಸಗಿ ಜಾಹೀರಾತಿನ ಮಾತೇ ಬೇರೆ. ಇದೇ ಕೆಲಸಕ್ಕೆ, ಇದೇ ತಿಂಗಳು, ಯಾರಿಗೋ 25,000 ಕೊಡಲು ಮಾಲೀಕ ಸಿದ್ಧನಿದ್ದಾನೆ ಎಂಬುದನ್ನು ಅವನೇ ಅಚ್ಚು ಹಾಕಿಸಿದ್ದಾನೆ. ಆ 'ಯಾರೋ' ಯಾರು ಎಂಬುದನ್ನು ಮಾತ್ರ ಬರೆದಿಲ್ಲ. ಆದ್ದರಿಂದ ಇಂಥ ಜಾಹೀರಾತಿಗೆ ಹೋಗುವವರು ಮೊದಲು ಕೇಳಬೇಕಾದದ್ದು ಹೆಚ್ಚಿನ ಅಂಕಿಯನ್ನಲ್ಲ, ಅಂತರದ ಕಾರಣವನ್ನು. ಅದನ್ನು ಹೇಳುವ ಹೊಣೆ ಜಾಹೀರಾತು ಕೊಟ್ಟವರದು.

ಬೆಲೆಯಲ್ಲಿ ಅಂತರವಿರುವುದೇ ತಪ್ಪು ಎಂದು ಇಲ್ಲಿ ವಾದಿಸುತ್ತಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದೇ ಬೆಳಿಗ್ಗೆ, ಒಂದೇ ಸೂರಿನಡಿ, ಒಬ್ಬ ರೈತನ ಗೂಡಿಗೂ ಪಕ್ಕದವನ ಗೂಡಿಗೂ ಕಿಲೋಗೆ ನೂರಾರು ರೂಪಾಯಿ ವ್ಯತ್ಯಾಸ ಬರಬಹುದು. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಏಕೆಂದರೆ ಕಾರಣ ಎಲ್ಲರ ಕಣ್ಣೆದುರಿಗಿದೆ. ಮಿಶ್ರತಳಿಯೋ ಬೈವೋಲ್ಟೈನೋ, ಜೋಡಿಗೂಡು, ಕಲೆಗೂಡು ಎಷ್ಟು, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿದೀತು ಎಂಬುದನ್ನೆಲ್ಲ ನೂಲು ತೆಗೆಯುವ ರೀಲರು ಗೂಡನ್ನು ಕೈಯಲ್ಲಿ ಹಿಡಿದು ನೋಡಿಯೇ ಹರಾಜಿನಲ್ಲಿ ಬೆಲೆ ಹಾಕುತ್ತಾನೆ. ದಿನದ ಕನಿಷ್ಠ, ಗರಿಷ್ಠ, ಸರಾಸರಿ ಬೆಲೆ ಬಹಿರಂಗವಾಗುತ್ತದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಇದು ತಾನಾಗಿ ಬಂದ ಸೌಜನ್ಯವಲ್ಲ. ರೇಷ್ಮೆಗೂಡು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಾಟವಾಗಬೇಕು ಎಂಬ ವ್ಯವಸ್ಥೆ ಕರ್ನಾಟಕದ 1959ರ ಕಾಯ್ದೆಯ ಬಲದಿಂದ ನಿಂತಿದೆ. ಗೂಡು ಬೆಳೆದವನಿಗೆ ಕಾನೂನು ದೊರಕಿಸಿಕೊಟ್ಟ ಈ ಬೆಳಕು ಅವನ ಮಗಳು ಕೆಲಸ ಹುಡುಕಿ ಹೊರಟಾಗ ಇಲ್ಲವಾಗುತ್ತದೆ. ಅವಳ ಮುಂದೆಯೂ ಕನಿಷ್ಠ, ಗರಿಷ್ಠ ಎರಡೂ ಇವೆ. ಸರಾಸರಿ ಇಲ್ಲ, ಕಾರಣವೂ ಇಲ್ಲ.

ಕಾರಣ ಕೇಳಿದಾಗ ಹೊರಬೀಳುವ ಮೊದಲ ಸಂಗತಿಯೆಂದರೆ, ಮೇಲಿನ ಅಂಕಿ ಎಷ್ಟೋ ಸಲ ಸಂಬಳವೇ ಆಗಿರುವುದಿಲ್ಲ. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ 15,000 ರೂಪಾಯಿ ಎಂದರೆ ಗಂಟೆಗೆ ಸುಮಾರು 72 ರೂಪಾಯಿ. ಹೆಚ್ಚುವರಿ ದುಡಿಮೆಗೆ ಕಾನೂನಿನ ಪ್ರಕಾರ ಎರಡು ಪಟ್ಟು, ಅಂದರೆ 144. ಕರ್ನಾಟಕವು ಕಾರ್ಖಾನೆ ಕಾಯ್ದೆಗೆ ತಂದ 2023ರ ತಿದ್ದುಪಡಿಯಲ್ಲಿ ಹೆಚ್ಚುವರಿ ದುಡಿಮೆಯ ಮಿತಿಯನ್ನು ಮೂರು ತಿಂಗಳಿಗೆ 75 ಗಂಟೆಯಿಂದ 144 ಗಂಟೆಗೆ ಏರಿಸಿತು. ಅಷ್ಟೂ ಗಂಟೆ ದುಡಿದರೆ ತಿಂಗಳಿಗೆ ಸುಮಾರು 6,900 ರೂಪಾಯಿ ಸೇರಿ ಮೊತ್ತ 22,000ದ ಹತ್ತಿರ ಬರುತ್ತದೆ. ಅದರ ಮೇಲೆ ಹಾಜರಾತಿ ಬೋನಸ್ಸು, ಪ್ರೋತ್ಸಾಹಧನ ಇಟ್ಟರೆ 25,000 ದೂರವಿಲ್ಲ. ಅಲ್ಲಿಗೆ 15,000 ಮತ್ತು 25,000 ಎಂಬುವು ಇಬ್ಬರು ನೌಕರರ ಸಂಬಳವಾಗಿ ಉಳಿಯುವುದಿಲ್ಲ. ಒಬ್ಬಳೇ ಹೆಂಗಸಿನ ಎರಡು ಬಗೆಯ ಬದುಕಾಗುತ್ತವೆ. ಶಿಡ್ಲಘಟ್ಟದಿಂದಲೋ ಚಿಂತಾಮಣಿಯಿಂದಲೋ ದಿನವೂ ಕಂಪನಿ ಬಸ್ಸಿನಲ್ಲಿ ಓಡಾಡುವವಳಿಗೆ ತಿಂಗಳಿಗೆ ಇನ್ನೂ 48 ಗಂಟೆ ಎಂದರೆ ಏನೆಂದು ಅವಳ ಮನೆಯವರಿಗೆ ಗೊತ್ತು. ಪದವೀಧರರ ಕೆಲಸಗಳಲ್ಲಿ ಇದೇ ಸಂಗತಿ ಸಿಟಿಸಿಯ ರೂಪದಲ್ಲಿ ಬರುತ್ತದೆ: ಸಂಬಳಕ್ಕೆ ಮಾಲೀಕರ ಪಾಲಿನ ಪಿಎಫ್, ಗ್ರಾಚ್ಯುಟಿ, ಬರಬಹುದಾದ ಬೋನಸ್ಸು ಎಲ್ಲವನ್ನೂ ಕೂಡಿಸಿದ ವಾರ್ಷಿಕ ಮೊತ್ತ ಅದು. ಕೈಗೆ ಬರುವುದು ಎಷ್ಟು ಎಂಬುದು ತಿಳಿಯದೆ ಚೌಕಾಸಿಗೆ ಕೂತರೆ ಗಾಳಿಯೊಂದಿಗೆ ಚೌಕಾಸಿ ಮಾಡಿದಂತೆಯೇ.

ಅಂತರದ ಕಾರಣ ಕೇಳಬೇಕು ಎಂಬುದಕ್ಕೆ ಬಲವಾದ ಆಕ್ಷೇಪವೊಂದಿದೆ. ಹರಾಜಿನಲ್ಲಿ ಒಂದು ಲಾಟಿಗೆ ಹಲವು ರೀಲರುಗಳು ಪೈಪೋಟಿ ನಡೆಸುತ್ತಾರೆ. ಇಲ್ಲಿ ಒಂದು ಕೆಲಸಕ್ಕೆ ನೂರು ಅರ್ಜಿ. ಬಾಯಿ ಬಿಟ್ಟವರನ್ನು ಕೈಬಿಟ್ಟು ಮುಂದಿನವರನ್ನು ಕರೆಯುತ್ತಾರೆ ಎಂಬ ಭಯ ಸುಳ್ಳಲ್ಲ. ಕಾಲೇಜಿನ ಕ್ಯಾಂಪಸ್ ಆಯ್ಕೆಯಲ್ಲಿ ಎಲ್ಲರಿಗೂ ಒಂದೇ ಅಂಕಿ ನಿಗದಿಯಾಗಿದ್ದಾಗ ಚೌಕಾಸಿಗೆ ಜಾಗವೇ ಇಲ್ಲವೆಂದೂ ಒಪ್ಪೋಣ. ಆದರೆ ಅಂಕಿ ಎರಡಿರುವಲ್ಲಿ ಸ್ಥಿತಿ ಬೇರೆ. 'ನನಗೆ 25,000 ಕೊಡಿ' ಎಂಬುದು ಬೇಡಿಕೆ. 'ಈ ಎರಡರ ನಡುವೆ ನನ್ನನ್ನು ಎಲ್ಲಿಡುತ್ತೀರಿ, ಯಾವ ಆಧಾರದಿಂದ?' ಎಂಬುದು ಅವರದೇ ಜಾಹೀರಾತಿನ ವಿವರಣೆಯ ಪ್ರಶ್ನೆ. ಎರಡನೆಯದಕ್ಕೆ ಮುನಿಸಿಕೊಳ್ಳುವ ಸಂಸ್ಥೆ ಮುಂದೆ ಹೇಗೆ ನಡೆದುಕೊಂಡೀತು ಎಂಬುದನ್ನೂ ಆ ಮುನಿಸೇ ತಿಳಿಸುತ್ತದೆ. ಅರ್ಜಿದಾರರ ಅನುಭವ ಮೊದಲೇ ಗೊತ್ತಿರುವುದಿಲ್ಲವಲ್ಲ ಎಂದು ಮಾಲೀಕರು ಹೇಳಬಹುದು. ಸರಿ, ಹಾಗಾದರೆ ಹೊಸಬರಿಗೆ ಇಷ್ಟು, ಮೂರು ವರ್ಷದ ಅನುಭವಕ್ಕೆ ಇಷ್ಟು ಎಂದು ಬರೆಯಲು ಒಂದು ಸಾಲು ಸಾಕು.

ಸಂದರ್ಶನದಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು. ಕಾರಣ ಹೇಳಬೇಕಾದವರೇ 'ಈಗ ಎಷ್ಟು ಬರ್ತಿದೆ?' ಎಂದು ಕೇಳಿ, ಅದರ ಮೇಲೆ ಒಂದಿಷ್ಟು ಶೇಕಡಾ ಸೇರಿಸುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿಯಂಥ ಊರುಗಳ ನಮ್ಮ ಜಿಲ್ಲೆಯವರಿಗೆ ಇದು ವಿಶೇಷವಾಗಿ ಅನ್ಯಾಯ. ಕರ್ನಾಟಕದಲ್ಲಿ ಅನೇಕ ಉದ್ದಿಮೆಗಳ ಕನಿಷ್ಠ ವೇತನ ವಲಯವಾರು ನಿಗದಿಯಾಗಿದ್ದು, ಬೆಂಗಳೂರಿನ ಅಂಕಿ ಹೆಚ್ಚು, ಸಣ್ಣ ಊರುಗಳದು ಕಡಿಮೆ. ಚಿಂತಾಮಣಿಯಲ್ಲಿ ನಾಲ್ಕು ವರ್ಷ ಲೆಕ್ಕಪತ್ರ ನೋಡಿಕೊಂಡವನ ಹಳೆಯ ಸಂಬಳ ಅವನ ಊರನ್ನು ಹೇಳುತ್ತದೆಯೇ ಹೊರತು ಅವನ ಕೆಲಸವನ್ನಲ್ಲ. ಆ ಅಂಕಿಯನ್ನೇ ಬುನಾದಿ ಮಾಡಿದರೆ ಊರು ಬಿಟ್ಟು ಬಂದರೂ ಊರಿನ ದರ ಬೆನ್ನು ಬಿಡುವುದಿಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಪ್ಪಿದ ವೇತನ ಪಾರದರ್ಶಕತೆಯ ನಿರ್ದೇಶನವು ಹಿಂದಿನ ಸಂಬಳ ಕೇಳುವುದನ್ನೇ ನಿಷೇಧಿಸುತ್ತದೆ. ಆರಂಭದ ವೇತನ ಅಥವಾ ಅದರ ವ್ಯಾಪ್ತಿಯನ್ನು ಅಭ್ಯರ್ಥಿಗೆ ಮೊದಲೇ ತಿಳಿಸಬೇಕು ಎನ್ನುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಹಾಗಾಗಿ 'ಹಿಂದಿನದು ಬೇರೆ ಊರಿನ ದರ, ಈ ಹುದ್ದೆಗೆ ನೀವು ಇಟ್ಟಿರುವ ದರದ ಬಗ್ಗೆ ಮಾತಾಡೋಣ' ಎಂದು ವಿನಯದಿಂದ ಹೇಳುವುದನ್ನು ಅಭ್ಯರ್ಥಿಗಳೇ ರೂಢಿಸಿಕೊಳ್ಳಬೇಕಾಗಿದೆ.

ಕೇಳುವ ಧೈರ್ಯವನ್ನೆಲ್ಲ ಅಭ್ಯರ್ಥಿಯ ಮೇಲೆ ಹೊರಿಸಿ ಸುಮ್ಮನಾಗುವುದೂ ಸರಿಯಲ್ಲ. ಅರ್ಥಶಾಸ್ತ್ರಜ್ಞರಾದ ಆಂಡ್ರಿಯಾಸ್ ಲೈಬ್‌ಬ್ರಾಂಟ್ ಮತ್ತು ಜಾನ್ ಲಿಸ್ಟ್ ಅಮೆರಿಕದಲ್ಲಿ ನೈಜ ಉದ್ಯೋಗ ಜಾಹೀರಾತುಗಳ ಮೂಲಕ ಪ್ರಯೋಗ ಮಾಡಿದರು. ಸಂಬಳದ ಬಗ್ಗೆ ಮಾತಾಡಬಹುದೇ ಎಂಬುದನ್ನು ಹೇಳದೆ ಬಿಟ್ಟಾಗ ಗಂಡಸರು ಹೆಚ್ಚಾಗಿ ಕೇಳಿದರು, ಹೆಂಗಸರು ಹಿಂಜರಿದರು. ಮಾತಾಡಬಹುದು ಎಂದು ಸ್ಪಷ್ಟವಾಗಿ ಬರೆದಾಗ ಆ ವ್ಯತ್ಯಾಸ ಮಾಯವಾಯಿತು. ಅಂದರೆ ಕಾರಣವಿಲ್ಲದ ವಿಶಾಲ ಅಂತರದಲ್ಲಿ ಹೆಚ್ಚು ಪಡೆಯುವವರು ಹೆಚ್ಚು ಬಲ್ಲವರೇ ಆಗಬೇಕಿಲ್ಲ. ಕೇಳಬಹುದು ಎಂಬುದು ಮೊದಲೇ ಗೊತ್ತಿದ್ದವರೂ ಆಗಿರಬಹುದು. ಮನೆಯಲ್ಲಿ ಕಂಪನಿ ಕೆಲಸದ ಪರಿಚಯವಿರುವ ನಗರದ ಹುಡುಗನಿಗೆ ಅದು ಗೊತ್ತು. ಬಾಗೇಪಲ್ಲಿ ಕಡೆಯ ಹಳ್ಳಿಯಿಂದ ಮೊದಲ ಬಾರಿಗೆ ಕೆಲಸಕ್ಕೆ ಹೊರಟವಳಿಗೆ ಗೊತ್ತಿಲ್ಲ. ಇದನ್ನು ಪ್ರತಿಭೆಗೆ ತಕ್ಕ ಬೆಲೆ ಎನ್ನಲಾಗದು. ಜಿಲ್ಲೆಯಲ್ಲಿ ಉದ್ಯೋಗ ಮೇಳ ನಡೆಸುವ ಅಧಿಕಾರಿಗಳೂ ಕಾಲೇಜುಗಳೂ ಬರುವ ಕಂಪನಿಗಳಿಂದ ಮೂರು ಸಾಲು ಬರೆಸಿಕೊಳ್ಳಬಹುದು: ಹೆಚ್ಚುವರಿ ದುಡಿಮೆ ಬಿಟ್ಟು ಮೂಲ ಸಂಬಳ ಎಷ್ಟು, ಕೈಗೆ ಬರುವುದು ಎಷ್ಟು, ಮೇಲಿನ ಅಂಕಿ ಯಾರಿಗೆ. ಆ ಮೂರನ್ನೂ ಮಳಿಗೆಯ ಮುಂದೆ ಕನ್ನಡದಲ್ಲಿ ಅಂಟಿಸಲು ಹೊಸ ಕಾನೂನಿಗಾಗಿ ಕಾಯಬೇಕಿಲ್ಲ.