ಬಾಡಿಗೆ ತೆತ್ತೂ ತುಳಿಯದ ಮೆಟ್ಟಿಲುಗಳು

ವಾಣಿಜ್ಯ ಸಂಕೀರ್ಣದಲ್ಲಿ ಕಚೇರಿಯನ್ನು ಬಾಡಿಗೆಗೆ ಪಡೆಯುವ ಉದ್ಯಮಿಯು ತನ್ನ ನಾಲ್ಕು ಗೋಡೆಗಳ ಒಳಗಿನ ಜಾಗಕ್ಕೆ ಮಾತ್ರ ಹಣ ತೆರುವುದಿಲ್ಲ. ಸೂಪರ್ ಬಿಲ್ಟ್-ಅಪ್ ಏರಿಯಾ ಎಂಬ ಲೆಕ್ಕದಲ್ಲಿ ಪಡಸಾಲೆ, ಲಿಫ್ಟು, ಮೆಟ್ಟಿಲುಗಳ ಪಾಲೂ ಆತನ ಚದರಡಿಗೆ ಸೇರುತ್ತದೆ. ಹೀಗೆ ತಿಂಗಳು ತಿಂಗಳೂ ಬಾಡಿಗೆ ಸಲ್ಲುತ್ತಿರುವ ಮೆಟ್ಟಿಲುಗಳನ್ನು ಬೆಂಗಳೂರಿನ ಅನೇಕ ಕಟ್ಟಡಗಳಲ್ಲಿ ಹುಡುಕಿಯೇ ಕಾಣಬೇಕು. ಲಿಫ್ಟಿನ ಹಿಂಬದಿಯಲ್ಲಿ, ಫಲಕವಿಲ್ಲದ ಬಾಗಿಲಿನಾಚೆ, ಕೆಟ್ಟ ಟ್ಯೂಬ್‌ಲೈಟಿನ ಕೆಳಗೆ ಅವು ಇರುತ್ತವೆ. ಮುರಿದ ಕುರ್ಚಿ, ಹಳೆಯ ಕಡತಗಳ ಪೆಟ್ಟಿಗೆ, ನೀರಿನ ಖಾಲಿ ಕ್ಯಾನುಗಳು ಅಲ್ಲಿಯ ಕಾಯಂ ನಿವಾಸಿಗಳು. ಎರಡನೆಯ ಅಂತಸ್ತಿಗೆ ಹೋಗಬೇಕಾದ ನೌಕರನೂ ಲಿಫ್ಟಿನ ಮುಂದೆ ಸಾಲಿನಲ್ಲಿ ನಿಂತರೆ, ಅದನ್ನು ಸೋಮಾರಿತನವೆಂದು ಜರೆಯುವುದು ನ್ಯಾಯವಲ್ಲ.

ಮೆಟ್ಟಿಲು ಹತ್ತುವುದರಿಂದ ದೇಹಕ್ಕೆ ಒದಗುವ ಲಾಭ ಹೊಸ ಶೋಧವೇನಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಜೆರಿ ಮೋರಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದಿನವಿಡೀ ಕುಳಿತಿರುತ್ತಿದ್ದ ಚಾಲಕರಿಗಿಂತ, ಟಿಕೆಟ್ ಕೊಡಲು ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಚಾಲಕರ ಸಮವಸ್ತ್ರದ ಸೊಂಟದಳತೆಯೇ ಹೆಚ್ಚಿತ್ತೆಂಬ ಅಂಶವನ್ನೂ ಅದೇ ತಂಡ 1956ರಲ್ಲಿ ಹೊರತಂದಿತು. ಆದುದರಿಂದ ಸಮಸ್ತ ಶ್ರೇಯಸ್ಸನ್ನೂ ಮೆಟ್ಟಿಲಿಗೇ ಸಲ್ಲಿಸಲಾಗದಾದರೂ, ಆ ಅಧ್ಯಯನ ತೆರೆದ ದಾರಿ ಸರಿಯೆಂದು ಮುಂದಿನ ದಶಕಗಳ ಸಂಶೋಧನೆಗಳು ತೋರಿಸಿವೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಆಗಬೇಕೆಂಬ ಹಿಂದಿನ ಷರತ್ತನ್ನು ಅದು ಆಗ ಕೈಬಿಟ್ಟಿತು. ಅಂದರೆ ಬೆಳಿಗ್ಗೆ ಎರಡು ನಿಮಿಷ, ಊಟದ ನಂತರ ಎರಡು ನಿಮಿಷ ಹತ್ತಿದ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ.

ಆದರೆ ವ್ಯಾಪಾರಸ್ಥರಿಗೆ ಉತ್ಪ್ರೇಕ್ಷೆಯ ಲೆಕ್ಕ ಒಪ್ಪಿಸಬಾರದು. 60 ಕಿಲೋ ತೂಕದ ವ್ಯಕ್ತಿ ಒಂದು ಅಂತಸ್ತು ಏರಿದರೆ ವ್ಯಯವಾಗುವುದು ಸುಮಾರು 2 ಕಿಲೋ ಕ್ಯಾಲರಿ ಮಾತ್ರ. ಒಂದು ಲೋಟ ಕಾಫಿಯ ಎರಡು ಚಮಚ ಸಕ್ಕರೆಯ ಬಾಕಿ ತೀರಿಸಲು 15 ಅಂತಸ್ತು ಏರಬೇಕಾದೀತು. ತೂಕ ಇಳಿಸುವ ಆಸೆಯಿಂದ ಹತ್ತುವವರಿಗೆ ನಿರಾಶೆಯೇ ಹೆಚ್ಚು. ಲಾಭವಿರುವುದು ಹೃದಯಕ್ಕೆ, ಉಸಿರಿಗೆ, ತೊಡೆಯ ಸ್ನಾಯುಗಳಿಗೆ. ವಿದ್ಯುತ್ ಉಳಿತಾಯದ ಮಾತೂ ಅಷ್ಟೆ: ಪ್ರತಿಭಾರದಿಂದ ತೂಗಿಸಿದ ಲಿಫ್ಟು ಒಬ್ಬನನ್ನು ಒಯ್ಯಲು ಬಳಸುವ ವಿದ್ಯುತ್ತು ಅಲ್ಪ. ಬೆಳಿಗ್ಗೆ ಒಂಬತ್ತೂವರೆಯ ಸಾಲಿನಲ್ಲಿ ಕಳೆದುಹೋಗುವ ಸಮಯವೇ ಹೆಚ್ಚು ಬೆಲೆಯುಳ್ಳದ್ದು.

ಮೆಟ್ಟಿಲು ಎಲ್ಲರಿಗೂ ವ್ಯಾಯಾಮವಲ್ಲವೆಂಬುದನ್ನೂ ಮರೆಯಲಾಗದು. ಚಿಕ್ಕಪೇಟೆಯ ಕಿರಿದಾದ ಮೆಟ್ಟಿಲುಗಳಲ್ಲಿ ಬಟ್ಟೆಯ ಗಂಟು ಹೊತ್ತು ಏರುವ ಹಮಾಲಿಗೆ ಈ ಉಪದೇಶ ಅಪಹಾಸ್ಯವೇ ಸರಿ. ಆತನಿಗೆ ಬೇಕಾದುದು ಲಿಫ್ಟು. ಮಂಡಿನೋವಿನವರಿಗೆ, ಗರ್ಭಿಣಿಯರಿಗೆ, ವೃದ್ಧ ಗ್ರಾಹಕರಿಗೆ, ಅಂಗವಿಕಲರಿಗೆ ಕೂಡ. ನಡೆಯಬಲ್ಲವರು ಮೆಟ್ಟಿಲಿಗೆ ತಿರುಗಿದಷ್ಟೂ ಇವರಿಗೆ ಲಿಫ್ಟು ಬೇಗ ದೊರೆಯುತ್ತದೆ.

ನಿತ್ಯ ಬಳಕೆಯಲ್ಲಿರುವ ಮೆಟ್ಟಿಲಿನಿಂದ ಇನ್ನೂ ದೊಡ್ಡದೊಂದು ಪ್ರಯೋಜನವುಂಟು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು, ಹೊಗೆ ಮೇಲಂತಸ್ತುಗಳನ್ನು ತುಂಬಿ, 9 ಮಂದಿ ಪ್ರಾಣ ಕಳೆದುಕೊಂಡರು. ಉಸಿರುಗಟ್ಟಿ ಕಿಟಕಿಗಳಿಂದ ಜಿಗಿದವರೂ ಅವರಲ್ಲಿದ್ದರು. ತುರ್ತು ನಿರ್ಗಮನದ ಬಾಗಿಲಿಗೆ ಬೀಗವಿತ್ತೆಂದು ಅಂದು ವರದಿಯಾಗಿತ್ತು. ಬೆಂಕಿಯ ಸಮಯದಲ್ಲಿ ಲಿಫ್ಟು ಬಳಸಬಾರದೆಂಬ ಫಲಕ ಎಲ್ಲೆಡೆಯೂ ಇದೆ. ಆದರೆ ವರ್ಷಗಟ್ಟಲೆ ಲಿಫ್ಟನ್ನೇ ಬಳಸಿದವನಿಗೆ ಹೊಗೆಯ ಕತ್ತಲಲ್ಲಿ ಮೆಟ್ಟಿಲಿನ ಬಾಗಿಲು ಯಾವ ದಿಕ್ಕಿಗಿದೆಯೆಂಬುದೇ ತೋಚದು. ದಿನವೂ ನೂರು ಜನ ತುಳಿಯುವ ಮೆಟ್ಟಿಲಿನಲ್ಲಿ ಮುರಿದ ಕುರ್ಚಿ ಉಳಿಯುವುದಿಲ್ಲ, ಬೀಗವೂ ಉಳಿಯುವುದಿಲ್ಲ.

ಕಳ್ಳತನದ ಭಯದಿಂದ ಬೀಗ ಹಾಕುತ್ತೇವೆಂಬುದು ಕಟ್ಟಡ ಮಾಲೀಕರ ಸಾಮಾನ್ಯ ಸಮರ್ಥನೆ. ಭಯ ಸುಳ್ಳಲ್ಲ. ಆದರೆ ನಿರ್ಗಮನದ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ. ಕಾವಲಿಗೆ ಒಂದು ಕ್ಯಾಮೆರಾ ಸಾಕು. ಅದೇ ಸಂಹಿತೆಯಂತೆ ಕಚೇರಿ ಕಟ್ಟಡದ ಒಂದು ಮೆಟ್ಟಿಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಮೂರೂವರೆ ಮೀಟರಿನ ಅಂತಸ್ತಿಗೆ 24 ಮೆಟ್ಟಿಲು. ನಿರೋಗಿಗೆ ಇದು ಭಾರವಲ್ಲ. ಬೇಕಿರುವುದು ಬೆಳಕು, ಕಿಟಕಿಯ ಗಾಳಿ, ಗಟ್ಟಿ ಹಿಡಿಗಂಬಿ, ಲಿಫ್ಟಿನ ಪಕ್ಕದಲ್ಲಿ ಒಂದು ಬಾಣದ ಗುರುತು. ಬಾಡಿಗೆ ಕರಾರು ನವೀಕರಿಸುವಾಗ ವಾಹನ ನಿಲುಗಡೆಗೂ ಜನರೇಟರಿಗೂ ಷರತ್ತು ಬರೆಸುವ ಉದ್ಯಮಿಗಳು, ಮೆಟ್ಟಿಲಿನ ದೀಪ ಮತ್ತು ಬಾಗಿಲಿನ ಬಗೆಗೂ ಒಂದು ಸಾಲು ಬರೆಸಬಹುದು. ಹೇಗಿದ್ದರೂ ಅದರ ಚದರಡಿಯ ಹಣ ಅವರದೇ.