ಸುಗ್ಗಿಯ ಅವರೆ, ಬೇಸಿಗೆಯ ಸಾರು

ಧನುರ್ಮಾಸ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಸಂತೆಗಳಲ್ಲಿ ಸೊಗಡವರೆಯದೇ ರಾಶಿ. ಸುಗ್ಗಿ ಕಳೆದ ಬಳಿಕ ಅದೇ ಕಾಳಿಗೆ ಹೆಚ್ಚು ಬೆಲೆ ತೆರಬೇಕು. ಅಗ್ಗವಿದ್ದಾಗ ಕೊಂಡು ಕಾಪಿಡುವ ಜಾಣತನ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಹಪ್ಪಳ, ಸಂಡಿಗೆ, ಹುಳಿಯ ಗೊಜ್ಜುಗಳನ್ನು ಬಿಸಿಲು, ಉಪ್ಪು, ಎಣ್ಣೆಗಳೇ ಕಾಯುತ್ತಿದ್ದವು. ಈಗ ಫ್ರಿಜ್ಜಿದ್ದರೂ ಅದರ ಮೇಲಿನ ಖಾನೆ ಬಹುತೇಕ ಮನೆಗಳಲ್ಲಿ ಐಸಿಗಷ್ಟೇ ಮೀಸಲು!

ಹಿತಕಿದ ಬೇಳೆಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷವಿಟ್ಟು, ಒಡನೆಯೇ ತಣ್ಣೀರಿಗೆ ಹಾಕಿ, ಸೋಸಿ, ಬಟ್ಟೆಯ ಮೇಲೆ ಆರಿಸಿರಿ. ಒಂದೊಂದು ಹೊತ್ತಿಗೆ ಸಾಲುವಷ್ಟನ್ನು ಬೇರೆ ಬೇರೆ ಕಟ್ಟಿಡಿರಿ. ಕುದಿನೀರು ತೋರಿಸದಿದ್ದರೆ ಕಾಳಿನೊಳಗಿನ ಕಿಣ್ವಗಳು ಆ ಚಳಿಯಲ್ಲಿಯೂ ನಿಧಾನವಾಗಿ ಕೆಲಸಮಾಡಿ ಬಣ್ಣ, ರುಚಿಗಳನ್ನು ಕೆಡಿಸುತ್ತವೆ. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೈತ್ಯವಿದ್ದರೆ ಹಲವು ತಿಂಗಳು ಬಾಳುತ್ತದೆ; ಸಣ್ಣ ಫ್ರಿಜ್ಜಿನ ಖಾನೆಯಲ್ಲಿಟ್ಟುದನ್ನು ಬೇಗನೆ ಬಳಸುವುದು ಲೇಸು.

ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುವ ಸೋದರಿಯರು ಭಾನುವಾರವೇ ಸಾರು ಮಾಡಿಡಬಹುದು. ಆಲೂಗೆಡ್ಡೆ ಮಾತ್ರ ಬೇಡ, ಹೆಪ್ಪುಗಟ್ಟಿ ಕರಗಿದ ಮೇಲೆ ಅದು ಮರಳುಮರಳಾಗುತ್ತದೆ. ಸಾರು ಆರಿದೊಡನೆ, ಎರಡು ಗಂಟೆ ಮೀರದಂತೆ, ಅಗಲ ಡಬ್ಬಿಗಳಲ್ಲಿ ಒಳಗಿಡಿರಿ. ಬಡಿಸುವಾಗ ಚೆನ್ನಾಗಿ ಕುದಿಸಿರಿ. ಮುದ್ದೆಯನ್ನಂತೂ ಆಗಿಂದಾಗ್ಗೆ ಕಟ್ಟಿಯೇ ಉಣ್ಣಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಕರೆಂಟು ಹೋದಾಗ ಗಳಿಗೆಗೊಮ್ಮೆ ಬಾಗಿಲು ತೆರೆದು ನೋಡುವ ಚಪಲ ಬೇಡ. ತುಂಬಿರುವ ದೊಡ್ಡ ಫ್ರೀಜರು ಮುಚ್ಚಿಯೇ ಇದ್ದರೆ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ. ಕರಗಿ ಬೆಚ್ಚಗಾದ ಸಾರನ್ನು ಮಕ್ಕಳಿಗೆ ಬಡಿಸಬೇಡಿರಿ, ಎಷ್ಟೇ ಕಷ್ಟಪಟ್ಟು ಮಾಡಿದ್ದರೂ.