ಒಪ್ಪದ ಅಧಿಕಾರಿಗೆ ಜಾಗ ಎಲ್ಲಿದೆ?

ಸೈನ್ಯಾಧಿಕಾರಿಯ ಕಷ್ಟ ಎಂದೊಡನೆ ನಮಗೆ ನೆನಪಾಗುವುದು ಸಿಯಾಚಿನ್ನಿನ ಹಿಮ, ರಾಜಸ್ಥಾನದ ಮರಳು, ಮನೆಯಿಂದ ದೂರ ಕಳೆದ ವರ್ಷಗಳು. ಅವು ಕಷ್ಟಗಳೇ, ಸಂಶಯವಿಲ್ಲ. ಆದರೆ ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಬೆಳಗಾವಿಯಲ್ಲೋ ನೆಲೆನಿಂತ ನಿವೃತ್ತ ಕರ್ನಲ್‌ಗಳ ಜತೆ ಸ್ವಲ್ಪ ಹೊತ್ತು ಕೂತವರಿಗೆ ಗೊತ್ತು, ಅವರು ಚಳಿಯನ್ನು ದೂರುವುದಿಲ್ಲ. ಮೋಡಕ್ಕಿಂತ ಎತ್ತರದ ಪೋಸ್ಟಿನಲ್ಲಿ ಕಳೆದ ಚಳಿಗಾಲವನ್ನು ನಗುತ್ತ, ಹೆಮ್ಮೆಯಿಂದ ಹೇಳುತ್ತಾರೆ. ದನಿ ಬದಲಾಗುವುದು ಬೇರೆ ಕಡೆ: ತಪ್ಪೆಂದು ಗೊತ್ತಿದ್ದೂ ಸುಮ್ಮನಿರಬೇಕಾಗಿ ಬಂದ ಒಂದು ಸಭೆ, ಇದ್ದದ್ದನ್ನು ಇದ್ದ ಹಾಗೆ ಬರೆದು ಮೇಲಕ್ಕೆ ಕಳಿಸಿದ ಒಂದು ವರದಿ, ಆಮೇಲೆ ಬಂದ ಆ ವರ್ಷದ ಎಸಿಆರ್, ಅಂದರೆ ವಾರ್ಷಿಕ ಗೋಪ್ಯ ವರದಿ.

ಈ ಕಹಿಯನ್ನು ಬಡ್ತಿ ಸಿಗದವರ ಗೊಣಗಾಟ ಎಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಬಾರದು ಎಂದು ನಾನು ಖಚಿತವಾಗಿ ನಂಬಿದ್ದೇನೆ. ಯುದ್ಧದಲ್ಲಿ ಮೇಲಿನವರಿಗೆ ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಬಲ್ಲ ಅಧಿಕಾರಿಯೇ ದೇಶಕ್ಕೆ ಬೇಕು. ಶಾಂತಿಕಾಲದಲ್ಲಿ ಅಂಥವನನ್ನೇ ಹಿಂದಕ್ಕೆ ತಳ್ಳುವ ವ್ಯವಸ್ಥೆಯನ್ನು ಕಟ್ಟಿಕೊಂಡರೆ, ಯುದ್ಧ ಬಂದ ದಿನ ಆ ಜಾಗದಲ್ಲಿ ಅವನು ಇರುವುದಿಲ್ಲ. ಹಾಗಾಗಿ ಅಧಿಕಾರಿಯ ಹತಾಶೆ ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ.

ಮೊದಲು ಈ ಏಣಿ ಹೇಗಿದೆ ನೋಡೋಣ. ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸು 2004ರಲ್ಲಿ ಜಾರಿಯಾದ ಮೇಲೆ, ಸೇನೆಯ ಅಧಿಕಾರಿ 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾನೆ. ಅಲ್ಲಿಯವರೆಗೆ ಕಾಲವೇ ಮೇಲೆತ್ತುತ್ತದೆ. ಕರ್ನಲ್ ಆಗಬೇಕಾದರೆ ಆಯ್ಕೆ ಮಂಡಳಿ ದಾಟಬೇಕು. ಒಂದು ಪಲ್ಟನ್ನಿಗೆ ಒಬ್ಬನೇ ಕಮಾಂಡಿಂಗ್ ಆಫೀಸರ್, ಆದ್ದರಿಂದ ಅನೇಕರು ಇಲ್ಲೇ ನಿಲ್ಲುತ್ತಾರೆ. ಮೂರು ಅವಕಾಶ: ಫ್ರೆಶ್, ರಿವ್ಯೂ, ಫೈನಲ್ ರಿವ್ಯೂ. ಮೂರರಲ್ಲೂ ಹೆಸರು ಬರದಿದ್ದರೆ ಅವನು ‘ಸೂಪರ್‌ಸೀಡೆಡ್’. ಆಗ ವಯಸ್ಸು ನಲವತ್ತರ ಆಸುಪಾಸು. ಜತೆಯಲ್ಲಿ ಓದಿದವರು ಬೇರೆ ಕೆಲಸಗಳಲ್ಲಿ ಮೇಲೇರಲು ಶುರುಮಾಡುವ ವಯಸ್ಸಿನಲ್ಲಿ ಇವನಿಗೆ ಬಾಗಿಲು ಮುಚ್ಚುತ್ತದೆ. ನಿವೃತ್ತಿಗೆ ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಉಳಿದಿರುತ್ತದೆ. ನಿನ್ನೆಯವರೆಗೆ ಸೆಲ್ಯೂಟ್ ಹೊಡೆಯುತ್ತಿದ್ದ ಕಿರಿಯನೇ ನಾಳೆ ಇವನ ಮೇಲಧಿಕಾರಿ.

ತುದಿಯಲ್ಲಿ ಜಾಗ ಕಡಿಮೆ ಇರುವುದು ಸೇನೆಯ ಸ್ವಭಾವ. ಎಲ್ಲರೂ ಜನರಲ್ ಆಗಲಾರರು, ಆಗಲೂಬಾರದು. ಇದನ್ನು ಅಧಿಕಾರಿಗಳು ಅಕಾಡೆಮಿಯ ಮೊದಲ ದಿನದಿಂದಲೇ ಬಲ್ಲರು. ನೋಯಿಸುವುದು ಆಯ್ಕೆಯ ಬಗೆ. ಎಸಿಆರ್‌ನಲ್ಲಿ 9ಕ್ಕೆ ಅಂಕ. ಎಲ್ಲರಿಗೂ 9 ಕೊಡುವ ರೂಢಿ ಬೆಳೆದ ಮೇಲೆ 8 ಎನ್ನುವುದು ಶಿಕ್ಷೆಯಾಯಿತು. ಬರೆಯುವವನು ಒಂದು ಕೆಟ್ಟ ಮಾತನ್ನೂ ಬರೆಯಬೇಕಾಗಿಲ್ಲ. ಒಂದು ಅಂಕ ತಗ್ಗಿಸಿದರೆ ಸಾಕು, ಹದಿನೈದು ವರ್ಷದ ದುಡಿಮೆ ಪಟ್ಟಿಯ ಕೆಳಕ್ಕೆ ಜಾರುತ್ತದೆ. ಮೊದಲ ಹಂತದಲ್ಲಿ ಬರೆದದ್ದನ್ನು ಅಧಿಕಾರಿಗೆ ತೋರಿಸುತ್ತಾರೆ. ಅದರ ಮೇಲಿನ ಹಂತಗಳಲ್ಲಿ ಬರೆದದ್ದು ಅವನ ಕಣ್ಣಿಗೆ ಬೀಳುವುದಿಲ್ಲ.

2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ನೌಕರರ ಪಾಲಿಗೆ ದೊಡ್ಡ ತೀರ್ಪು ಕೊಟ್ಟಿತು: ಗೋಪ್ಯ ವರದಿಯ ಪ್ರತಿಯೊಂದು ನಮೂದನ್ನೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ನೌಕರನಿಗೆ ತಿಳಿಸಲೇಬೇಕು. ಅದೇ ತೀರ್ಪಿನಲ್ಲಿ, ಇದು ಸೇನಾಧಿಕಾರಿಗಳಿಗೆ ಅನ್ವಯಿಸದು ಎಂದೂ ಹೇಳಿತು. ತಾಲೂಕು ಕಚೇರಿಯ ಗುಮಾಸ್ತನಿಗೆ ಸಿಕ್ಕ ಹಕ್ಕು ಗಡಿ ಕಾಯುವ ಮೇಜರನಿಗೆ ಸಿಗಲಿಲ್ಲ. ಸೇನೆಯ ಶಿಸ್ತಿಗೆ ಬೇರೆ ಅಳತೆ ಬೇಕು ಎಂಬುದನ್ನು ಒಪ್ಪುತ್ತೇನೆ. ಸಂವಿಧಾನದ 33ನೇ ವಿಧಿ ಸೈನಿಕನ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದ್ದೂ ಅದಕ್ಕೇ. ಆದರೆ ತನ್ನ ಬಗ್ಗೆ ಏನು ಬರೆದಿದ್ದಾರೆ ಎಂದು ತಿಳಿದ ಮಾತ್ರಕ್ಕೆ ಯಾವ ಅಧಿಕಾರಿಯ ಶಿಸ್ತು ಕೆಡುತ್ತದೆ?

ವರದಿಗಳನ್ನು ಎಷ್ಟು ಉಡಾಫೆಯಿಂದ ಬರೆಯಬಹುದು ಎಂಬುದಕ್ಕೆ ಮಹಿಳಾ ಅಧಿಕಾರಿಗಳ ಪ್ರಕರಣ ಸಾಕ್ಷಿ. 2020ರ ಫೆಬ್ರವರಿಯಲ್ಲಿ ಬಬಿತಾ ಪುನಿಯಾ ಪ್ರಕರಣದ ತೀರ್ಪು ಅವರಿಗೆ ಪರ್ಮನೆಂಟ್ ಕಮಿಷನ್ನಿನ ಬಾಗಿಲು ತೆರೆಯಿತು. ಆಯ್ಕೆಗೆ ಕೂತಾಗ ಅಳತೆಗೋಲಾಗಿ ಬಂದದ್ದು ಹಳೆಯ ಎಸಿಆರ್‌ಗಳೇ. ಈ ಹೆಣ್ಣುಮಕ್ಕಳು ಹೇಗೂ ಮುಂದೆ ಹೋಗುವವರಲ್ಲ ಎಂಬ ಎಣಿಕೆಯಲ್ಲಿ ಬರೆದಿದ್ದ ವರದಿಗಳು ಅವು. 2021ರ ನಿತಿಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗುರುತಿಸಿ, ಆ ಮೌಲ್ಯಮಾಪನ ವ್ಯವಸ್ಥೆಯೊಳಗೇ ತಾರತಮ್ಯ ಅಡಗಿತ್ತು ಎಂದಿತು. ಅಲ್ಲಿ ಕಾಣಿಸಿಕೊಂಡ ಉಡಾಫೆ ಗಂಡಸರ ಕಡತಗಳಲ್ಲಿ ಮಾತ್ರ ಇರಲಿಲ್ಲ ಎಂದು ನಂಬುವುದು ಕಷ್ಟ.

ಇಂಥ ವ್ಯವಸ್ಥೆ ನಾಯಕನ ನಡತೆಯನ್ನು ಬದಲಿಸುತ್ತದೆ. ನನ್ನ ದೊಡ್ಡ ಚಿಂತೆ ಅದೇ. ಪಲ್ಟನ್ನಿನ ಕಮಾಂಡ್ ಸಿಕ್ಕವನ ಕೈಯಲ್ಲಿ ಎರಡರಿಂದ ಎರಡೂವರೆ ವರ್ಷ ಇರುತ್ತದೆ. ಆ ಅವಧಿಯಲ್ಲಿ ಬರುವ ಎರಡು ಮೂರು ವರದಿಗಳೇ ಮುಂದಿನ ಮಂಡಳಿಯ ಮುಂದೆ ಮಾತಾಡುತ್ತವೆ. ಹಾಗಾದರೆ ಅವನು ಏನು ಮಾಡಬೇಕು? ಮೂರು ವರ್ಷದ ನಂತರ ಫಲ ಕೊಡುವ ತರಬೇತಿ, ಜವಾನರಿಗೆ ತಪ್ಪು ಮಾಡಿ ಕಲಿಯಲು ಅವಕಾಶ, ಕಿರಿಯ ಕ್ಯಾಪ್ಟನ್ನಿಗೆ ಸ್ವತಂತ್ರ ಹೊಣೆ – ಇವೆಲ್ಲ ಅಪಾಯದ ಕೆಲಸಗಳು. ಏನೂ ತಪ್ಪಾಗದಂತೆ ನೋಡಿಕೊಳ್ಳುವುದು ಕ್ಷೇಮ. ಸೇನೆಯಲ್ಲೇ ಇದಕ್ಕೆ ‘ಜೀರೋ ಎರರ್ ಸಿಂಡ್ರೋಮ್’ ಎನ್ನುತ್ತಾರೆ. ಜನರಲ್ ಬರುತ್ತಾರೆ ಎಂದರೆ ದಾರಿಯ ಕಲ್ಲುಗಳಿಗೆಲ್ಲ ಕೆಮ್ಮಣ್ಣು, ಸುಣ್ಣ. ಬ್ರೀಫಿಂಗಿನ ಸ್ಲೈಡುಗಳಿಗೆ ವಾರಗಟ್ಟಲೆ ರಿಹರ್ಸಲ್. ಇಪ್ಪತ್ತೈದನೇ ವಯಸ್ಸಿನಲ್ಲಿ ಗುಂಡಿನ ಮಳೆಯ ನಡುವೆ ಮೂವತ್ತು ಜನರ ಪ್ರಾಣದ ತೀರ್ಮಾನ ತೆಗೆದುಕೊಂಡವನಿಗೆ ನಲವತ್ತನೇ ವಯಸ್ಸಿನಲ್ಲಿ ಮೆಸ್ಸಿನ ಊಟದ ಪಟ್ಟಿಗೂ ಮೇಲಿನವರ ಒಪ್ಪಿಗೆ ಬೇಕು. ತನ್ನ ಮೇಲೆ ನಂಬಿಕೆ ಇದ್ದ ಕಾಲವನ್ನು ಅವನು ಕಂಡಿದ್ದಾನೆ. ಅದು ಹೋದದ್ದು ಯಾವಾಗ ಎಂಬುದೂ ಅವನಿಗೆ ನೆನಪಿದೆ.

ಮನೆಯವರ ಪಾಲನ್ನೂ ಇಲ್ಲಿ ಹೇಳಬೇಕು. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಐದಾರು ಶಾಲೆ ಕಂಡ ಮಕ್ಕಳು, ಊರೂರು ಅಲೆಯುತ್ತ ಸ್ವಂತ ಉದ್ಯೋಗ ಬಿಟ್ಟ ಹೆಂಡತಿ. ಕೆಲಸಕ್ಕೆ ಅರ್ಥವಿದೆ ಎನ್ನಿಸುವವರೆಗೆ ಅವರು ಇದನ್ನು ಸಂತೋಷದಿಂದಲೇ ಹೊರುತ್ತಾರೆ.

ಸತ್ಯ ಹೇಳಿದವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ಇತಿಹಾಸದಲ್ಲಿ ಉತ್ತರಗಳಿವೆ, ಅವುಗಳಲ್ಲೊಂದು ಕೊಡಗಿನಿಂದಲೇ ಶುರುವಾಗುತ್ತದೆ. ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಎರಡನೇ ಮಹಾಯುದ್ಧದಲ್ಲಿ ರಣರಂಗದಲ್ಲೇ ಬ್ರಿಗೇಡನ್ನು ಮುನ್ನಡೆಸಿದವರು. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದವರು. 1957ರಲ್ಲಿ ಸೇನೆಯ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಬಡ್ತಿಗಳಲ್ಲಿ ಕೈಹಾಕುತ್ತಿದ್ದಾರೆ, ಸೇನೆಯ ಮಾತು ಸರ್ಕಾರಕ್ಕೆ ತಲುಪುತ್ತಿಲ್ಲ ಎನ್ನಿಸಿ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ನೆಹರೂ ಒಲಿಸಿ ಹಿಂಪಡೆಯುವಂತೆ ಮಾಡಿದರು. ಎರಡು ದಿನದ ನಂತರ ಸಂಸತ್ತಿನಲ್ಲಿ ಆ ರಾಜೀನಾಮೆಯನ್ನೇ ಟೀಕಿಸಿದರು. ತಿಮ್ಮಯ್ಯನವರಿಗೆ ರಾಜೀನಾಮೆಯ ಗೌರವವೂ ದಕ್ಕಲಿಲ್ಲ, ಉಳಿದದ್ದಕ್ಕೆ ಬಲವೂ ಬರಲಿಲ್ಲ. ಅವರು ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದು ನನಗೆ ಅನ್ನಿಸುತ್ತದೆ, ಅವರ ಮೇಲಿನ ಅಷ್ಟೂ ಗೌರವದಿಂದಲೇ ಇದನ್ನು ಹೇಳುತ್ತಿದ್ದೇನೆ.

ಸರ್ಕಾರದ ಕಡೆಯ ಮಾತನ್ನೂ ಕೇಳಬೇಕು. ಆ ರಾಜೀನಾಮೆಯ ಹಿಂದಿನ ವರ್ಷ, 1958ರ ಅಕ್ಟೋಬರಿನಲ್ಲಿ, ಪಾಕಿಸ್ತಾನದ ಅಧಿಕಾರ ಅಯೂಬ್ ಖಾನರ ಕೈಗೆ ಹೋಗಿತ್ತು. ಅದೇ ತಿಂಗಳು ಬರ್ಮಾದಲ್ಲಿ ಜನರಲ್ ನೆ ವಿನ್ ಸರ್ಕಾರದ ಚುಕ್ಕಾಣಿ ಹಿಡಿದಿದ್ದರು. ಪಕ್ಕದ ಎರಡು ದೇಶಗಳಲ್ಲಿ ಹೀಗಾಗಿರುವಾಗ ಮಂತ್ರಿಯ ವಿರುದ್ಧ ನಿಂತ ದಂಡನಾಯಕನನ್ನು ಕಂಡು ಪ್ರಧಾನಿಗೆ ಅಳುಕು ಹುಟ್ಟಿದ್ದು ಸಹಜ. ಸೇನೆ ಚುನಾಯಿತ ಸರ್ಕಾರದ ಅಡಿಯಲ್ಲೇ ಇರಬೇಕೆಂಬ ನಿಯಮವನ್ನು ನಾವು ಕಾಪಾಡಿಕೊಂಡದ್ದು ಸಣ್ಣ ಸಾಧನೆಯಲ್ಲ. ಆದರೆ ಸರ್ಕಾರದ ಮಾತು ಕೇಳುವುದೇ ಬೇರೆ, ಸರ್ಕಾರಕ್ಕೆ ಹಿತವಾದದ್ದನ್ನಷ್ಟೇ ಹೇಳುವುದೇ ಬೇರೆ. ಈ ಗೆರೆಯನ್ನು ಆಗ ಅಳಿಸಿಬಿಟ್ಟೆವು.

ಪರಿಣಾಮಕ್ಕೆ ಮೂರೇ ವರ್ಷ ಸಾಕಾಯಿತು. ಈಸ್ಟರ್ನ್ ಕಮಾಂಡಿನ ಎಸ್.ಪಿ.ಪಿ. ಥೋರಾಟ್ ಚೀನಾ ಗಡಿಯ ಅಪಾಯವನ್ನು 1959ರಲ್ಲೇ ಬರೆದು ಎಚ್ಚರಿಸಿದ್ದರು. 1961ರಲ್ಲಿ ಮುಖ್ಯಸ್ಥನ ಸ್ಥಾನ ಅವರಿಗೆ ಬರಲಿಲ್ಲ. 1962ರಲ್ಲಿ, ಸಿದ್ಧತೆಯಿಲ್ಲದೆ ಮುಂದೆ ಹೋಗಲಾಗದು ಎಂದ ಕೋರ್ ಕಮಾಂಡರ್ ಉಮ್ರಾವ್ ಸಿಂಗರಿಂದ ನೇಫಾದ (ಇಂದಿನ ಅರುಣಾಚಲ ಪ್ರದೇಶ) ಹೊಣೆಯನ್ನು ಕಿತ್ತು, ಯುದ್ಧದಲ್ಲಿ ಸೈನ್ಯ ನಡೆಸಿದ ಅನುಭವ ಇಲ್ಲದ ಬಿ.ಎಂ. ಕೌಲರಿಗೆ ಕೊಟ್ಟರು. ಬ್ರಿಗೇಡಿಯರ್ ಜಾನ್ ದಳವಿಯವರ 7ನೇ ಬ್ರಿಗೇಡ್ ನಾಮ್ಕಾ ಚು ಹೊಳೆಯ ದಂಡೆಯಲ್ಲಿ, ಶತ್ರು ಮೇಲಿನಿಂದ ನೋಡುವ ತಗ್ಗಿನಲ್ಲಿ, ಹತ್ತಿಯ ಸಮವಸ್ತ್ರದಲ್ಲಿ ಕೂತಿತ್ತು. ಅಲ್ಲಿ ನಿಲ್ಲಲಾಗದು ಎಂದು ಕೆಳಗಿನವರೆಲ್ಲರಿಗೂ ಗೊತ್ತಿತ್ತು. ಅಕ್ಟೋಬರ್ 20ರ ಬೆಳಗ್ಗೆ ಚೀನಾದ ದಾಳಿಯಾಯಿತು. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಛಿದ್ರವಾಯಿತು, ಎರಡು ದಿನದಲ್ಲಿ ದಳವಿ ಸೆರೆಸಿಕ್ಕರು. ಅವರು ಬರೆದ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಅನುವಾದದಲ್ಲಿ ಕನ್ನಡದ ಮನೆಮನೆ ತಲುಪಿದೆ. ಅದನ್ನು ಓದಿ ಕಣ್ಣೀರು ಹಾಕಿದವರು ಅನೇಕರು. ಓದಿದವರು ಕೇಳಿಕೊಳ್ಳಬೇಕಾದ ಒಂದು ಕಠಿಣ ಪ್ರಶ್ನೆ ಅದರೊಳಗಿದೆ: ಆದೇಶ ತಪ್ಪೆಂದು ಗೊತ್ತಿರುವ ಬ್ರಿಗೇಡಿಯರ್ ಏನು ಮಾಡಬೇಕು? ಬಿಟ್ಟು ಬಂದರೆ ತಲೆಯಾಡಿಸುವ ಇನ್ನೊಬ್ಬ ಬರುತ್ತಾನೆ, ಜವಾನರು ಅಲ್ಲೇ ಸಾಯುತ್ತಾರೆ. ನಿಂತರೆ ತಪ್ಪಿನಲ್ಲಿ ತಾನೂ ಪಾಲುದಾರ. ಇಂಥ ಇಕ್ಕಟ್ಟಿಗೆ ಒಬ್ಬನನ್ನು ತಂದು ನಿಲ್ಲಿಸಿದ ಮೇಲೆ ಅವನ ಧೈರ್ಯವನ್ನು ಹೊಗಳುವುದು ನ್ಯಾಯವಲ್ಲ.

ಕೊನೆಗೆ ಯೋಗ್ಯರು ಮೇಲೆ ಬಂದೇ ಬರುತ್ತಾರೆ ಎನ್ನುವವರು ಮಾಣೆಕ್‌ಷಾರನ್ನು ತೋರಿಸುತ್ತಾರೆ. ನಿಜ ಏನೆಂದರೆ, ವೆಲಿಂಗ್ಟನ್ನಿನ ಸ್ಟಾಫ್ ಕಾಲೇಜಿನಲ್ಲಿದ್ದಾಗ ಅವರ ಮೇಲೆ ವಿಚಾರಣೆ ನಡೆದಿತ್ತು. ನಿರ್ದೋಷಿ ಎಂದಾದರೂ ಅವರ ವೃತ್ತಿ ಅಲ್ಲಿಗೇ ನಿಂತಂತಿತ್ತು. 1962ರ ಸೋಲು ಮೆನನ್ ಮತ್ತು ಕೌಲರನ್ನು ತೆಗೆಯಿತು, ಕೌಲರ ಖಾಲಿ ಜಾಗಕ್ಕೆ ಮಾಣೆಕ್‌ಷಾ ಹೋದರು. 1971ರ ಗೆಲುವಿನ ಸೇನಾನಿ ನಮಗೆ ಸಿಕ್ಕದ್ದು ಒಂದು ರಾಷ್ಟ್ರೀಯ ದುರಂತದ ದಯೆಯಿಂದ. ಹೀಗೆ ಸಿಗದೆ ಹೋದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಹಾಗಾದರೆ ದಾರಿ? ಪ್ರತಿ ಆದೇಶಕ್ಕೂ ಮತ ಹಾಕುವ ಸೇನೆ ಒಂದು ದಿನವೂ ಉಳಿಯದು. ತೀರ್ಮಾನಕ್ಕೆ ಮುಂಚೆ ಮುಕ್ತ ವಾದ, ತೀರ್ಮಾನದ ನಂತರ ಪೂರ್ಣ ಪಾಲನೆ ಎಂಬ ಹಳೆಯ ಸೈನಿಕ ನಡತೆಯೇ ಸರಿ. ಅದರ ಮೊದಲ ಅರ್ಧವನ್ನು ಉಳಿಸಿಕೊಳ್ಳುವುದಕ್ಕೆ ಭರವಸೆಯ ಮಾತು ಸಾಲದು, ಏರ್ಪಾಡು ಬೇಕು. ಅಮೆರಿಕದ ಸೇನೆ 2020ರಲ್ಲಿ ಬೆಟಾಲಿಯನ್ ಕಮಾಂಡರುಗಳನ್ನು ಆರಿಸುವಾಗ ಮೇಲಿನವರ ವರದಿಯ ಜತೆಗೆ ಸಹೋದ್ಯೋಗಿಗಳ ಮತ್ತು ಕೈಕೆಳಗಿನವರ ಅಭಿಪ್ರಾಯವನ್ನೂ ಪರಿಗಣಿಸಲು ಶುರುಮಾಡಿತು. ಸಂದರ್ಶನದಲ್ಲಿ ಮಂಡಳಿಗೂ ಅಭ್ಯರ್ಥಿಗೂ ನಡುವೆ ಪರದೆ ಇಟ್ಟಿತು. ಕೆಳಗಿನವರನ್ನು ಕೇಳಿದರೆ ಸಡಿಲ ಅಧಿಕಾರಿಗೇ ಅಂಕ ಬೀಳುತ್ತದೆ ಎಂಬ ಆಕ್ಷೇಪವಿದೆ. ನಮ್ಮ ಜವಾನರನ್ನು, ಜೆಸಿಒಗಳನ್ನು (ಜೂನಿಯರ್ ಕಮಿಷನ್ಡ್ ಆಫೀಸರ್‌ಗಳನ್ನು) ಬಲ್ಲವರು ಹಾಗೆ ಹೇಳಲಾರರು. ಕಷ್ಟಪಡಿಸಿದ ಸಾಹೇಬ ಯಾರು, ತನ್ನ ಬಡ್ತಿಗಾಗಿ ತಮ್ಮನ್ನು ಬಳಸಿಕೊಂಡ ಸಾಹೇಬ ಯಾರು ಎಂಬುದನ್ನು ಸುಬೇದಾರ್ ಮೇಜರ್ ಆರು ತಿಂಗಳಲ್ಲಿ ಅಳೆದಿರುತ್ತಾನೆ.

ಜರ್ಮನಿಯಲ್ಲಿ ಸಂಸತ್ತೇ ನೇಮಿಸುವ ಸೇನಾ ಆಯುಕ್ತರಿದ್ದಾರೆ. ಯಾವ ಸೈನಿಕನಾದರೂ ಮೇಲಧಿಕಾರಿಯನ್ನು ದಾಟಿ ಅವರಿಗೆ ನೇರವಾಗಿ ಬರೆಯಬಹುದು. 1956ರಲ್ಲಿ ಸಂವಿಧಾನಕ್ಕೇ ಸೇರಿಸಿದ ಏರ್ಪಾಡು ಅದು. ಎರಡು ಮಹಾಯುದ್ಧಗಳಲ್ಲಿ ಕುರುಡು ವಿಧೇಯತೆಯ ಬೆಲೆ ಕಂಡ ದೇಶ ಇದನ್ನು ಕಟ್ಟಿಕೊಂಡಿತು. ನಮ್ಮಲ್ಲಿ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಮಾಡುತ್ತಿದೆ, ಅದರಿಂದ ಅನೇಕರಿಗೆ ಪರಿಹಾರವೂ ಸಿಕ್ಕಿದೆ. ಆದರೆ ಅದು ನ್ಯಾಯಾಲಯ. ಅರ್ಜಿ, ಪ್ರತ್ಯರ್ಜಿ, ಮೇಲ್ಮನವಿ ಮುಗಿಯುವಷ್ಟರಲ್ಲಿ ಅಧಿಕಾರಿಯ ಬ್ಯಾಚು ಮುಂದೆ ಹೋಗಿರುತ್ತದೆ. ತಪ್ಪು ಆಗುತ್ತಿರುವಾಗಲೇ ಕೇಳುವ ಕಿವಿ ಬೇಕು, ಅದು ಆ ಅಧಿಕಾರಿಯ ಎಸಿಆರ್ ಬರೆಯುವವರ ಕಿವಿಯಾಗಿರಬಾರದು.

ಇವುಗಳಿಗೆ ಸಮಯ ಹಿಡಿಯುತ್ತದೆ, ಹಣವೂ ಬೇಕು. ಎರಡೂ ಬೇಡದ ಒಂದು ಕೆಲಸವನ್ನು ಸರ್ಕಾರ ನಾಳೆಯೇ ಮಾಡಬಹುದು. 1962ರ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಪ್ರೇಮ್ ಭಗತ್ ಬರೆದ ವರದಿ ಇಷ್ಟು ದಶಕ ಕಳೆದರೂ ಅಧಿಕೃತವಾಗಿ ಹೊರಬಂದಿಲ್ಲ. ಅದರ ಒಂದು ಭಾಗವನ್ನು 2014ರಲ್ಲಿ ವಿದೇಶಿ ಪತ್ರಕರ್ತರೊಬ್ಬರು ಬಹಿರಂಗ ಮಾಡಬೇಕಾಯಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದವು, ಬೀಗ ಮಾತ್ರ ತೆರೆಯಲಿಲ್ಲ. ಇಬ್ಬರು ಸೈನ್ಯಾಧಿಕಾರಿಗಳು ತಮ್ಮದೇ ಸೇನೆಯ ಬಗ್ಗೆ ಕಂಡದ್ದನ್ನು ಕಂಡಂತೆ ಬರೆದ ಆ ವರದಿಯನ್ನು ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗಿನಲ್ಲಿ, ಡೆಹರಾಡೂನಿನ ಅಕಾಡೆಮಿಯಲ್ಲಿ ಓದಿಸಬೇಕು. ಇಪ್ಪತ್ತೆರಡರ ಲೆಫ್ಟಿನೆಂಟ್ ಅದನ್ನು ಓದಿ, ತರಗತಿಯಲ್ಲಿ ಎದ್ದುನಿಂತು, ಯಾರು ಯಾವಾಗ ‘ಇಲ್ಲ’ ಎನ್ನಬೇಕಿತ್ತು ಎಂದು ಕೇಳುವಂತಾಗಬೇಕು.